ತೀರ್ಮಾನವಾದ ಮೇಲೆ ಅಭಿಪ್ರಾಯ ಕೇಳುವ ಸಭೆ, ಒಂದೇ ಪ್ಯಾರಾದ ಸುದ್ದಿ: ನಿವಾಸಿಗಳು ದನಿ ಎತ್ತಬೇಕಾದದ್ದು ಎಲ್ಲಿ?

ಪ್ರಶ್ನೆ: ಬಯಲಂಚು

ಮಾನ್ಯರೇ,

ನಾನು ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ನಮ್ಮ ಮನೆಗಳಿಗೆ ಹೊಂದಿಕೊಂಡು, ನಕ್ಷೆಯಲ್ಲಿ ಸಾರ್ವಜನಿಕ ಬಳಕೆಗೆಂದು ಗುರುತಿಸಿದ ಒಂದು ಬಯಲು ಇದೆ. ಅಲ್ಲಿ ಬಹುಮಹಡಿ ವಾಹನ ನಿಲುಗಡೆ ಕಟ್ಟಡ ಬರಲಿದೆ ಎಂಬ ಸಂಗತಿ ನಮಗೆ ತಿಳಿದದ್ದು ಮಣ್ಣು ಪರೀಕ್ಷೆಯ ಯಂತ್ರ ಬಂದು ನಿಂತ ದಿನ. ವಿಚಾರಿಸಿದಾಗ, ಸ್ಥಳೀಯ ಆಡಳಿತ ಮಂಡಳಿಯು ಎರಡು ಸಭೆಗಳ ಹಿಂದೆಯೇ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿದೆಯೆಂದೂ, ನಮಗೆ ಆಕ್ಷೇಪಣೆ ಇದ್ದರೆ ಮುಂದಿನ ಸಭೆಯಲ್ಲಿ ಹೇಳಬಹುದೆಂದೂ ಉತ್ತರ ಬಂತು.

ಸುಮಾರು ನಲವತ್ತು ಮಂದಿ ಸಭೆಗೆ ಹೋದೆವು. ಮಾತನಾಡಲು ಎಲ್ಲರಿಗೂ ಸೇರಿ ಮೂರು ನಿಮಿಷ ಕೊಟ್ಟರು. ನಾನು ಬರೆದುಕೊಂಡು ಹೋಗಿದ್ದನ್ನು ಓದುತ್ತಿರುವಾಗಲೇ ಇಬ್ಬರು ಸದಸ್ಯರು ಎದ್ದು ಹೊರಗೆ ಹೋದರು. ಕೊನೆಯಲ್ಲಿ ಅಧ್ಯಕ್ಷರು ನಮ್ಮ ಭಾವನೆಗಳನ್ನು ಗಮನಿಸಲಾಗಿದೆ ಎಂದು ಹೇಳಿ ಮುಂದಿನ ವಿಷಯವನ್ನು ಕೈಗೆತ್ತಿಕೊಂಡರು. ಆಮೇಲೆ ಸಭೆಯ ನಡವಳಿಯನ್ನು ತರಿಸಿ ನೋಡಿದರೆ, ಅಷ್ಟು ಜನ ಅಷ್ಟು ಹೊತ್ತು ಕಾದದ್ದು, ಆಡಿದ್ದು ಎಲ್ಲವೂ ‘ಸಾರ್ವಜನಿಕರು ಮಾತನಾಡಿದರು’ ಎಂಬ ಎರಡು ಪದಗಳಲ್ಲಿ ಮುಗಿದಿತ್ತು.

ಪತ್ರಿಕೆಯವರ ಬಳಿಗೂ ಹೋದೆವು. ಆರು ಪುಟಗಳ ಮನವಿಯನ್ನು, ಹನ್ನೆರಡು ಛಾಯಾಚಿತ್ರಗಳೊಂದಿಗೆ, ಸಭೆಯ ದಿನ ರಾತ್ರಿಯೇ ಮೂರು ಪತ್ರಿಕೆಗಳಿಗೆ ಕಳುಹಿಸಿದೆವು. ಎರಡರಲ್ಲಿ ಏನೂ ಬರಲಿಲ್ಲ. ಮೂರನೆಯದರಲ್ಲಿ ಬಂದ ಒಂದು ಪ್ಯಾರಾದಲ್ಲಿ ಯೋಜನೆಯ ಅನುಕೂಲಗಳ ಬಗ್ಗೆ ಆಡಳಿತ ಮಂಡಳಿ ಕೊಟ್ಟ ಹೇಳಿಕೆ ಹಾಗೆಯೇ ಇತ್ತು. ಕೊನೆಯ ಸಾಲಿನಲ್ಲಿ ಕೆಲವು ನಿವಾಸಿಗಳು ವಿರೋಧಿಸಿದ್ದಾರೆ ಎಂದಿತ್ತು.

ತೀರ್ಮಾನ ಆಗಿಹೋದ ಮೇಲೆ ನಮ್ಮ ಮಾತಿಗೆ ಬೆಲೆ ತರುವ ದಾರಿ ಏನಾದರೂ ಉಳಿದಿದೆಯೇ, ಹಾಗೂ ಪತ್ರಿಕೆಗಳು ನಮ್ಮ ಮಾತನ್ನು ಕೇಳುವಂತೆ ಮಾಡುವುದು ಹೇಗೆ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ. ಮುಷ್ಕರ ಮಾಡಿ, ರಸ್ತೆ ತಡೆಯಿರಿ ಎಂಬ ಸಲಹೆಗಳು ಈಗಾಗಲೇ ಬೇಕಾದಷ್ಟು ಬಂದಿವೆ.

ಉತ್ತರ: ಹಳೆಯ ಕಡತ

ನಾನು ಇಂಥದೇ ಒಂದು ಕಚೇರಿಯಲ್ಲಿ ಬಹಳ ವರ್ಷ ಕಡತ ಬರೆದವನು. ಆದ್ದರಿಂದ ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ. ‘ತಾತ್ವಿಕ ಒಪ್ಪಿಗೆ’ ಎಂಬ ಪದವನ್ನು ಕೇಳಿ ನೀವು ಎಲ್ಲವೂ ಮುಗಿಯಿತೆಂದು ಭಾವಿಸಿದ್ದೀರಿ. ಕಚೇರಿಯ ಭಾಷೆಯಲ್ಲಿ ಆ ಪದಕ್ಕೆ ‘ಇನ್ನೂ ಮುಗಿದಿಲ್ಲ’ ಎಂದೇ ಅರ್ಥ. ಒಂದು ಕಾಮಗಾರಿ ನೆಲ ಮುಟ್ಟುವ ಮೊದಲು ಅಂದಾಜು ಪಟ್ಟಿ, ಆಯವ್ಯಯದಲ್ಲಿ ಅನುದಾನ, ಆಡಳಿತಾತ್ಮಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂಬ ಹಂತಗಳನ್ನು ದಾಟಬೇಕಾಗುತ್ತದೆ. ನಿಮ್ಮ ಬಯಲು ನಕ್ಷೆಯಲ್ಲಿ ಬೇರೆ ಉದ್ದೇಶಕ್ಕೆ ಗುರುತಾಗಿದ್ದರೆ, ಸಾಮಾನ್ಯವಾಗಿ ಭೂಬಳಕೆಯ ಬದಲಾವಣೆ ಎಂಬ ಮತ್ತೊಂದು ಹಂತವೂ ಇರುತ್ತದೆ, ಮತ್ತು ಅದಕ್ಕೆ ಸಾರ್ವಜನಿಕ ಆಕ್ಷೇಪಣೆ ಕರೆಯುವ ಕಟ್ಟುಪಾಡು ಅನೇಕ ಕಡೆ ಇದೆ. ಇವುಗಳಲ್ಲಿ ಯಾವುದು ಆಗಿದೆ, ಯಾವುದು ಬಾಕಿಯಿದೆ ಎಂಬುದನ್ನು ಮೊದಲು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಇದು ಗೊತ್ತಿಲ್ಲದೆ ನೀವು ಮಾಡುವ ಭಾಷಣ ಎಷ್ಟೇ ಚೆನ್ನಾಗಿದ್ದರೂ ಅದು ತಪ್ಪು ಬಾಗಿಲ ಮುಂದೆ ಮಾಡಿದ ಭಾಷಣವಾಗುತ್ತದೆ.

ಎರಡನೆಯ ಮಾತು. ಸಾಮಾನ್ಯ ಸಭೆ ಎಂಬುದು ತೀರ್ಮಾನ ಹುಟ್ಟುವ ಜಾಗವಲ್ಲ, ಅದಕ್ಕೆ ನಾಮಕರಣ ಮಾಡುವ ಜಾಗ. ಹುಟ್ಟುವುದು ಉಪಸಮಿತಿಯಲ್ಲಿ, ಅದಕ್ಕೂ ಮೊದಲು ಅಧಿಕಾರಿಯ ಟಿಪ್ಪಣಿಯಲ್ಲಿ. ನಲವತ್ತು ಜನ ಸಾಮಾನ್ಯ ಸಭೆಗೆ ಬರುವ ಬದಲು ಇಬ್ಬರು ಉಪಸಮಿತಿಯ ಸಭೆಗೆ ಒಂದು ವಾರ ಮೊದಲು, ಕಾರ್ಯಸೂಚಿಯ ವಿಷಯ ಸಂಖ್ಯೆಯನ್ನು ನಮೂದಿಸಿ ಒಂದು ಪುಟದ ಆಕ್ಷೇಪಣೆ ಕೊಟ್ಟಿದ್ದರೆ, ನಾನು ಅದನ್ನು ಕಡತಕ್ಕೆ ಸೇರಿಸಲೇಬೇಕಾಗುತ್ತಿತ್ತು, ಮೇಲಧಿಕಾರಿ ಅದಕ್ಕೆ ಏನಾದರೊಂದು ಉತ್ತರ ಬರೆಯಲೇಬೇಕಾಗುತ್ತಿತ್ತು. ಬಾಯಿಮಾತಿಗೆ ಆ ಬಲವಿಲ್ಲ. ಘೋಷಣೆ ಕೂಗಿದಾಗ ನಮಗೆ ಭಯವಾಗುತ್ತಿದ್ದದ್ದು ನಿಜ, ಆದರೆ ಸಂಜೆಯ ಹೊತ್ತಿಗೆ ಆ ಭಯ ಇಳಿಯುತ್ತಿತ್ತು. ಸ್ವೀಕೃತಿ ಮೊಹರು ಬಿದ್ದ ಕಾಗದ ಮಾತ್ರ ವರ್ಷಗಟ್ಟಲೆ ಕಡತದಲ್ಲಿ ಕೂತು ನಮ್ಮನ್ನೇ ನೋಡುತ್ತಿರುತ್ತಿತ್ತು.

ಕಾರ್ಯಸೂಚಿ ಮುಂಚಿತವಾಗಿ ಸಿಗುವುದು ಯಾರೋ ತೋರುವ ದಯೆಯಲ್ಲ. ಇಂಗ್ಲೆಂಡಿನ ಕಾನೂನಿನಂತೆ ಸಭೆಗೆ 5 ಪೂರ್ಣ ದಿನಗಳ ಮೊದಲು ಕಾರ್ಯಸೂಚಿ ಸಾರ್ವಜನಿಕರಿಗೆ ಲಭ್ಯವಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯಿದೆಯ ಪ್ರಕಾರ ಸಾಮಾನ್ಯ ಸಭೆಗೆ 72 ಗಂಟೆಗಳ ಮೊದಲು ಅದನ್ನು ಪ್ರಕಟಿಸಬೇಕು, ಮತ್ತು ತುರ್ತಿನಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅದರಲ್ಲಿ ಇಲ್ಲದ ವಿಷಯದ ಮೇಲೆ ನಿರ್ಣಯ ಮಾಡುವಂತಿಲ್ಲ. ಈ ಕಾಯಿದೆ ಹುಟ್ಟಿದ್ದೂ ಪತ್ರಿಕೆಯಿಂದಲೇ: 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಸ್ಥಳೀಯ ಮಂಡಳಿಗಳ ಗುಟ್ಟಿನ ಸಭೆಗಳ ಕುರಿತು ಹತ್ತು ಕಂತುಗಳ ವರದಿಯನ್ನು ಪ್ರಕಟಿಸಿತು, ಮರುವರ್ಷ ಕಾನೂನು ಬಂತು. ಭಾರತದಲ್ಲಿ 74ನೆಯ ತಿದ್ದುಪಡಿಯ ನಂತರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳುತ್ತದೆ, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿದ ದಾಖಲೆಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ನಿಮ್ಮ ಊರಿಗೆ ಅನ್ವಯಿಸುವ ಇಂಥ ನಿಯಮ ಯಾವುದೆಂದು ಹುಡುಕಿ, ಅದರ ಕಲಮನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.

ಪತ್ರದಲ್ಲಿ ಭಾವನೆ ಬೇಡ, ಪ್ರಶ್ನೆ ಇರಲಿ. ಅದಕ್ಕೆ ಹೌದು, ಇಲ್ಲ ಅಥವಾ ಒಂದು ಅಂಕಿಯಲ್ಲದೆ ಬೇರೆ ಉತ್ತರ ಇರಕೂಡದು. ವಾಹನ ನಿಲುಗಡೆಯ ಬೇಡಿಕೆ ಕುರಿತು ಸಮೀಕ್ಷೆ ನಡೆದಿದೆಯೇ, ಬೇರೆ ಎಷ್ಟು ನಿವೇಶನಗಳನ್ನು ಪರಿಶೀಲಿಸಲಾಗಿದೆ ಎಂದು ಕೇಳಿದರೆ ‘ಗಮನಿಸಲಾಗಿದೆ’ ಎಂದು ಹಿಂಬರಹ ಕೊಡುವುದು ಅಧಿಕಾರಿಗೆ ಕಷ್ಟವಾಗುತ್ತದೆ. ನಿಮ್ಮ ಪರವಾಗಿ ಒಬ್ಬ ಸದಸ್ಯರು ಅದೇ ಪತ್ರವನ್ನು ಸಭೆಯಲ್ಲಿ ಮಂಡಿಸಿ, ನಡವಳಿಗೆ ಅನುಬಂಧವಾಗಿ ಸೇರಿಸಬೇಕೆಂದು ಕೋರಿದರೆ ‘ಸಾರ್ವಜನಿಕರು ಮಾತನಾಡಿದರು’ ಎಂಬ ಎರಡು ಪದಗಳ ಸಮಸ್ಯೆಯೂ ತೀರುತ್ತದೆ. ಆ ಸದಸ್ಯರು ನಿಮ್ಮ ಮಾತನ್ನು ಒಪ್ಪಬೇಕಾಗಿಲ್ಲ, ಮಂಡಿಸಿದರೆ ಸಾಕು.

ಉತ್ತರ: ಎರಡನೇ ಪುಟ

ಪತ್ರಿಕೆಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಆರು ಪುಟಗಳಂಥ ಮನವಿಗಳನ್ನು ರಾತ್ರಿಯ ಹೊತ್ತು ಪಕ್ಕಕ್ಕೆ ಸರಿಸಿದವರಲ್ಲಿ ನಾನೂ ಒಬ್ಬ. ಆ ದಿನ ಏನು ನಡೆದಿರಬಹುದು ಎಂಬುದನ್ನು ಊಹಿಸಬಲ್ಲೆ. ಆಡಳಿತ ಮಂಡಳಿಯ ಹೇಳಿಕೆ ಮಧ್ಯಾಹ್ನವೇ, ತಲೆಬರಹ ಸಮೇತ, ಹಾಗೆಯೇ ಅಚ್ಚಿಗೆ ಹಾಕಬಹುದಾದ ರೂಪದಲ್ಲಿ ಬಂದಿರುತ್ತದೆ. ನಿಮ್ಮದು ಪುಟ ಕಟ್ಟುವ ಹೊತ್ತಿಗೆ ಬಂದಿರುತ್ತದೆ. ಉಪಸಂಪಾದಕರು ಮೊದಲ ಪುಟದಲ್ಲಿ ಬಡಾವಣೆಯ ಇತಿಹಾಸವನ್ನೂ ಎರಡನೆಯದರಲ್ಲಿ ಸಂಘದ ಸಾಧನೆಯನ್ನೂ ನೋಡಿ, ವಿಷಯ ಎಲ್ಲಿದೆ ಎಂದು ಹುಡುಕುವ ಮೊದಲೇ ಸಮಯ ಮುಗಿದಿರುತ್ತದೆ. ಇದರಲ್ಲಿ ದ್ವೇಷವಿಲ್ಲ. ಜಾಹೀರಾತಿನ ಮುಲಾಜು ಇರುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹತ್ತರಲ್ಲಿ ಎಂಟು ಸಲ ಕಾರಣ ಅದಕ್ಕಿಂತ ಸಪ್ಪೆಯದು.

‘ನಮಗೆ ಅನ್ಯಾಯವಾಗಿದೆ’ ಎಂಬುದು ವರದಿಗಾರನಿಗೆ ಸುದ್ದಿಯಲ್ಲ, ದಿನವೂ ಕೇಳುವ ಮಾತು. ನಕ್ಷೆಯಲ್ಲಿ ಬಯಲೆಂದಿರುವ ಜಾಗದಲ್ಲಿ ಭೂಬಳಕೆ ಬದಲಾಗುವ ಮುನ್ನವೇ ಮಣ್ಣು ಪರೀಕ್ಷೆಗೆ ಹಣ ಬಿಡುಗಡೆಯಾಗಿದೆ ಎಂಬುದು, ಅದನ್ನು ತೋರಿಸುವ ದಾಖಲೆ ಕೈಯಲ್ಲಿದ್ದರೆ, ಸುದ್ದಿ. ದೂರಿಗೂ ದಾಖಲೆಗೂ ಇರುವ ಈ ಅಂತರವನ್ನು ನಿವಾಸಿಗಳ ಸಂಘಗಳು ಅರ್ಥ ಮಾಡಿಕೊಂಡರೆ ನಮ್ಮಂಥವರ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಕ್ಯಾಲಿಫೋರ್ನಿಯಾದ ಬೆಲ್ ಎಂಬ ಸುಮಾರು 35,000 ಜನರ ಪುಟ್ಟ ನಗರದ ಕಥೆ ಹೇಳುತ್ತೇನೆ. 2005ರಲ್ಲಿ ಅಲ್ಲಿ ಒಂದು ವಿಶೇಷ ಮತದಾನ ನಡೆದು, ಸದಸ್ಯರ ವೇತನಕ್ಕೆ ರಾಜ್ಯ ಹಾಕಿದ್ದ ಮಿತಿಯಿಂದ ನಗರ ಹೊರಬಂತು. ಮತ ಹಾಕಿದವರು 400ಕ್ಕೂ ಕಡಿಮೆ. ಐದು ವರ್ಷಗಳ ನಂತರ, 2010ರಲ್ಲಿ, ನೆರೆಯ ಇನ್ನೊಂದು ಊರಿನ ವಿಚಾರಣೆಯೊಂದರ ಬೆನ್ನು ಹತ್ತಿದ್ದ ಲಾಸ್ ಏಂಜಲೀಸ್ ಟೈಮ್ಸ್‌ನ ವರದಿಗಾರರು ಬೆಲ್‌ನ ಕಚೇರಿಯಿಂದ ವೇತನದ ಕರಾರು ಪತ್ರಗಳನ್ನು ಕೇಳಿ ಪಡೆದರು. ನಗರದ ಆಡಳಿತಾಧಿಕಾರಿಯ ವಾರ್ಷಿಕ ವೇತನ 8 ಲಕ್ಷ ಡಾಲರ್‌ಗಳ ಹತ್ತಿರವಿತ್ತು. ಅರೆಕಾಲಿಕ ಸದಸ್ಯರಲ್ಲಿ ಹೆಚ್ಚಿನವರು 1 ಲಕ್ಷ ಡಾಲರ್‌ಗಳ ಸಮೀಪ ಪಡೆಯುತ್ತಿದ್ದರು. ಆ ವರದಿಗೆ 2011ರ ಪುಲಿಟ್ಜರ್ ಸಾರ್ವಜನಿಕ ಸೇವಾ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ: ಅಷ್ಟು ವರ್ಷ ಆ ಊರಿನ ಸಭೆಗಳಲ್ಲಿ ನಿಯಮಿತವಾಗಿ ಕೂತ ವರದಿಗಾರ ಒಬ್ಬನೂ ಇರಲಿಲ್ಲ. ಖಾಲಿ ಬೆಂಚಿನ ಮುಂದೆ ಯಾರಿಗೂ ಸಂಕೋಚ ಇರುವುದಿಲ್ಲ.

ಆ ಖಾಲಿ ಬೆಂಚಿನ ಬೆಲೆಯನ್ನು ಲೆಕ್ಕ ಹಾಕಿದವರೂ ಇದ್ದಾರೆ. ಸ್ಥಳೀಯ ಪತ್ರಿಕೆ ಮುಚ್ಚಿದ ನಂತರ ಅಲ್ಲಿನ ಸ್ಥಳೀಯ ಸಂಸ್ಥೆಗಳು ಸಾಲಕ್ಕೆ ಕೊಡುವ ಬಡ್ಡಿ ದರ 0.05ರಿಂದ 0.11 ಶೇಕಡಾವಾರು ಅಂಶಗಳಷ್ಟು ಏರುತ್ತದೆ ಎಂದು ಅಮೆರಿಕದ ಮೂವರು ಹಣಕಾಸು ಸಂಶೋಧಕರು ತೋರಿಸಿದರು. ಕಾಣಲು ಸಣ್ಣ ಅಂಕಿ. ಆದರೆ ಅದು ಇಡೀ ಸಾಲದ ಮೇಲೆ, ವರ್ಷಾನುಗಟ್ಟಲೆ, ನಿಮ್ಮ ತೆರಿಗೆಯಿಂದ ಹೋಗುತ್ತದೆ. ಬ್ರಿಟನ್ನಿನಲ್ಲಿ ಬಿಬಿಸಿ ತನ್ನ ಪರವಾನಗಿ ಶುಲ್ಕದ ಹಣದಿಂದ ಸುಮಾರು 150 ವರದಿಗಾರರನ್ನು ಸ್ಥಳೀಯ ಮಂಡಳಿಗಳ ಸುದ್ದಿಗೆಂದೇ ಸ್ಥಳೀಯ ಪತ್ರಿಕೆಗಳಲ್ಲಿ ನೇಮಿಸುವ ವ್ಯವಸ್ಥೆಯನ್ನು 2018ರ ಹೊತ್ತಿಗೆ ಆರಂಭಿಸಿದ್ದು ಈ ಕೊರತೆ ಕಂಡೇ.

ನಿವಾಸಿಗಳ ಮಾತು ಎಲ್ಲಿಯೂ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ನಿವಾಸಿಗಳ ಗುಂಪು ಬೆಂಕಿ ಸುರಕ್ಷತೆಯ ಬಗ್ಗೆ ಮತ್ತೆ ಮತ್ತೆ ಬರೆದಿತ್ತು. ದೊಡ್ಡ ದುರಂತವೊಂದು ನಡೆದ ಮೇಲೆ ಮಾತ್ರ ಇದು ಬೆಳಕಿಗೆ ಬಂದೀತು ಎಂಬ ಅರ್ಥದ ಮಾತನ್ನು 2016ರ ನವೆಂಬರಿನಲ್ಲೇ ದಾಖಲಿಸಿತ್ತು. 2017ರ ಜೂನ್ 14ರ ಬೆಂಕಿಯಲ್ಲಿ 72 ಮಂದಿ ಸತ್ತರು. ಎರಡು ವಾರಗಳ ನಂತರ ಅಲ್ಲಿನ ಸ್ಥಳೀಯ ಆಡಳಿತ ತನ್ನ ಸಭೆಯಿಂದ ಪತ್ರಕರ್ತರನ್ನು ಹೊರಗಿಡಲು ನೋಡಿತು, ಮಾಧ್ಯಮ ಸಂಸ್ಥೆಗಳು ಹೈಕೋರ್ಟಿನ ಆದೇಶ ತಂದು ಒಳಗೆ ಹೋದವು, ಸಭೆಯನ್ನೇ ಅರ್ಧಕ್ಕೆ ಬಿಡಲಾಯಿತು. ಇಷ್ಟು ಮಂದಿ ವರದಿಗಾರರು ಬಾಗಿಲಲ್ಲಿ ನಿಂತದ್ದು ಬೆಂಕಿಯ ನಂತರ ಎಂಬುದು ನಮ್ಮ ವೃತ್ತಿಯವರಿಗೆ ಈಗಲೂ ಚುಚ್ಚುವ ಸಂಗತಿ.

ಇನ್ನು ನೀವು ಮಾಡಬೇಕಾದದ್ದು. ಸಭೆ ಮುಗಿದ ರಾತ್ರಿ ಅಲ್ಲ, ಕಾರ್ಯಸೂಚಿ ಹೊರಬಿದ್ದ ದಿನ ಪತ್ರಿಕೆಗೆ ಹೋಗಿ. ನಡೆದುಹೋದದ್ದಕ್ಕಿಂತ ನಡೆಯಲಿರುವುದಕ್ಕೆ ಪುಟದಲ್ಲಿ ಜಾಗ ಸುಲಭವಾಗಿ ಸಿಗುತ್ತದೆ. ಒಂದೇ ಪುಟದಲ್ಲಿ, ಯಾವ ದಿನ ಯಾವ ವಿಷಯ ತೀರ್ಮಾನಕ್ಕೆ ಬರುತ್ತಿದೆ ಎಂಬುದನ್ನು ಮೊದಲ ವಾಕ್ಯದಲ್ಲಿ ಬರೆಯಿರಿ. ನಿಮಗೆ ವಿರುದ್ಧವಾಗಿರುವ ಸಂಗತಿಯನ್ನು ನೀವೇ ಹೇಳಿಬಿಡಿ, ಏಕೆಂದರೆ ಅದನ್ನು ವರದಿಗಾರ ಆಡಳಿತದವರಿಂದ ಮೊದಲು ಕೇಳಿದರೆ ನಿಮ್ಮ ಉಳಿದ ಮಾತನ್ನೂ ಅನುಮಾನಿಸುತ್ತಾನೆ. ಅಚ್ಚಾಗುವ ಮೊದಲು ವರದಿಯನ್ನು ತೋರಿಸಿ ಎಂದು ಕೇಳಬೇಡಿ. ಅವನು ಆಡಳಿತದ ಅಭಿಪ್ರಾಯವನ್ನೂ ಕೇಳಿ ಬರೆಯುತ್ತಾನೆ. ಅದಕ್ಕೆ ಬೇಸರಿಸಿದರೆ ಮುಂದಿನ ಸಲ ಅವನು ನಿಮ್ಮ ಕರೆಯನ್ನು ಸ್ವೀಕರಿಸುವುದಿಲ್ಲ.

ಉತ್ತರ: ಬಾಡಿಗೆದಾರ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇಬ್ಬರೂ ಕೇಳದ ಒಂದು ಪ್ರಶ್ನೆಯನ್ನು ಕೇಳದಿರಲಾರೆ. ಬಯಲಂಚಿನವರೇ, ‘ನಿವಾಸಿಗಳು’ ಎಂದು ನೀವು ಬರೆದಿದ್ದೀರಲ್ಲ, ಅವರು ಯಾರು? ನಾನು ಬಾಡಿಗೆಗೆ ಇರುವ ಬಡಾವಣೆಯಲ್ಲೂ ಒಂದು ಸಂಘವಿದೆ. ಸದಸ್ಯತ್ವ ಮನೆ ಮಾಲೀಕರಿಗೆ ಮಾತ್ರ. ಅದು ‘ನಿವಾಸಿಗಳೆಲ್ಲರ ಪರವಾಗಿ’ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟಾಗಲೆಲ್ಲ ನಾನು ಎಲ್ಲಿ ವಾಸವಾಗಿದ್ದೇನೆ ಎಂಬ ಸಂದೇಹ ನನಗೇ ಬರುತ್ತದೆ. ವಾಹನ ನಿಲುಗಡೆ ಬೇಕೆನ್ನುವವರೂ ನಿಮ್ಮ ಬೀದಿಗಳಲ್ಲಿ ಇರಬಹುದು. ಬೇರೆಲ್ಲಾದರೂ ಕಟ್ಟಿ, ನಮ್ಮ ಪಕ್ಕ ಬೇಡ ಎಂಬುದಷ್ಟೇ ನಿಮ್ಮ ವಾದವಾಗಿದ್ದರೆ, ಸದಸ್ಯರು ಎದ್ದು ಹೊರಗೆ ಹೋದದ್ದಕ್ಕೆ ಅವರದೇ ಕಾರಣವೂ ಇದ್ದೀತು.

ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಂತೆ ವಿವರಿಸಿದ ಶೆರ್ರಿ ಆರ್ನ್‌ಸ್ಟೀನ್ ಎಂಬ ಅಮೆರಿಕನ್ ಮಹಿಳೆ, 1969ರಲ್ಲಿಯೇ, ಮಾಹಿತಿ ಕೊಡುವುದನ್ನೂ ಸಮಾಲೋಚನೆ ನಡೆಸುವುದನ್ನೂ ತೋರಿಕೆಯ ಮೆಟ್ಟಿಲುಗಳ ಸಾಲಿಗೇ ಸೇರಿಸಿದ್ದರು. ನಿಮಗೆ ಸಿಕ್ಕ ಮೂರು ನಿಮಿಷ ಆ ಸಾಲಿನದು. ಆದರೆ ಸಂಘಗಳ ಒಳಗೂ ಅಂಥದೇ ಏಣಿ ಇರುತ್ತದೆ, ಮತ್ತು ಅದರ ಕೆಳಗಿನ ಮೆಟ್ಟಿಲಲ್ಲಿ ಬಾಡಿಗೆದಾರರು, ಮನೆಕೆಲಸದವರು, ಆ ಬಯಲಿನಲ್ಲಿ ದಿನವೂ ಆಡುವ ಮಕ್ಕಳು ನಿಂತಿರುತ್ತಾರೆ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಆಯವ್ಯಯದ ಒಂದು ಭಾಗವನ್ನು ಬೀದಿಬೀದಿಯ ಸಭೆಗಳಲ್ಲಿ ಚರ್ಚಿಸಿ ನಿರ್ಧರಿಸುವ ಪದ್ಧತಿ ಆರಂಭವಾದಾಗ ಜಗತ್ತು ಅದರ ಕಡೆ ನೋಡಿದ್ದು, ಬಡ ಪ್ರದೇಶಗಳ ಜನ ಆ ಸಭೆಗಳಿಗೆ ಬಂದು ಕೂತದ್ದರಿಂದ.

ಹತ್ತಿರದ ಉದಾಹರಣೆ ಬೇಕಿದ್ದರೆ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಇದೆ. 1994ರ ಡಿಸೆಂಬರಿನಿಂದ ಅವರು ನಡೆಸಿದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಪಂಚಾಯಿತಿಯ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿ ಪಡೆದರೆಂದು ಬರೆದಿದ್ದ ಹೆಸರಿನವರು ಅಲ್ಲೇ ಎದ್ದು, ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದು ಹೇಳಬಹುದಾಗಿತ್ತು. ಹೊರಗಿನಿಂದ ಪತ್ರಕರ್ತರನ್ನೂ ವಕೀಲರನ್ನೂ ಕರೆಸಿ ಕೂರಿಸಲಾಗುತ್ತಿತ್ತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನಗಳ ಧರಣಿ ನಡೆಯಿತು. 2005ರ ಮಾಹಿತಿ ಹಕ್ಕಿನ ಬೇರು ಅಲ್ಲಿದೆ. ಪತ್ರಿಕೆಯನ್ನು ತಮ್ಮ ವಕೀಲನಂತೆ ಬಳಸದೆ, ದಾಖಲೆಯೂ ಜನರೂ ಎದುರುಬದುರಾಗುವ ಜಾಗಕ್ಕೆ ಅದನ್ನು ಸಾಕ್ಷಿಯಾಗಿ ಕರೆದರು ಎಂಬುದೇ ನನಗೆ ಅದರಲ್ಲಿ ಮೆಚ್ಚುಗೆಯಾದದ್ದು.

ಮನೆ ಮನೆಗೆ ಹೋಗಿ ಕೇಳಿ, ಯೋಜನೆ ಬೇಕೆಂದವರ ಸಂಖ್ಯೆಯನ್ನೂ ಬರೆದುಕೊಳ್ಳಿ, ಎರಡನ್ನೂ ಪತ್ರಕ್ಕೆ ಲಗತ್ತಿಸಿ. ಆಮೇಲೆ ‘ನಿವಾಸಿಗಳು’ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರ ಮರುಮಾತು: ಬಯಲಂಚು

ಬಾಡಿಗೆದಾರರ ಮಾತು ಮೊದಲಿಗೆ ಕಹಿಯೆನಿಸಿತು. ಆದರೂ ಎರಡು ವಾರ ಸಂಜೆಗಳಲ್ಲಿ ಮನೆಮನೆಗೆ ಹೋದೆವು. ವಿರೋಧಿಸುವವರೇ ಹೆಚ್ಚು ಎಂಬ ನಮ್ಮ ನಂಬಿಕೆ ಉಳಿಯಿತು, ಆದರೆ ನಾವು ಅಂದುಕೊಂಡಷ್ಟು ಅಂತರದಿಂದಲ್ಲ. ಮುಖ್ಯ ರಸ್ತೆಯ ಕಡೆಯವರಲ್ಲಿ ಅನೇಕರು ನಿಲುಗಡೆ ಬೇಕೇ ಬೇಕು, ಆದರೆ ಬಯಲಿನ ಅರ್ಧ ಉಳಿಯಲಿ ಎಂದರು. ಆ ಸಾಧ್ಯತೆಯನ್ನು ನಮ್ಮ ಸಂಘ ಒಮ್ಮೆಯೂ ಚರ್ಚಿಸಿರಲಿಲ್ಲ. ಈಗ ನಮ್ಮ ಪತ್ರದ ಕೋರಿಕೆಯೇ ಬದಲಾಗಿದೆ: ಯೋಜನೆಯನ್ನು ಕೈಬಿಡಿ ಎನ್ನುವ ಬದಲು, ಪರ್ಯಾಯ ನಕ್ಷೆಯೊಂದನ್ನು ಸಿದ್ಧಪಡಿಸಿ ಎರಡನ್ನೂ ಹೋಲಿಸಿ ಸಮಿತಿಯ ಮುಂದೆ ಇಡಿ ಎಂದು ಕೇಳಿದ್ದೇವೆ.

ಹಳೆಯ ಕಡತದವರು ಹೇಳಿದಂತೆ ಲಿಖಿತವಾಗಿ ಕೇಳಿದಾಗ, ಭೂಬಳಕೆ ಬದಲಾವಣೆಯ ಪ್ರಸ್ತಾವ ಇನ್ನೂ ಸಲ್ಲಿಕೆಯೇ ಆಗಿಲ್ಲವೆಂದು ಹಿಂಬರಹ ಬಂದಿದೆ. ಅದರ ಜತೆ ಕೊಟ್ಟ ಪ್ರತಿಗಳಲ್ಲಿ, ಮೂರನೆಯ ಪುಟದ ಕೆಳಗೆ, ಅನುಮೋದನೆಯ ನಿರೀಕ್ಷೆಯಲ್ಲಿ ಮಣ್ಣು ಪರೀಕ್ಷೆ ಕೈಗೊಳ್ಳಬಹುದು ಎಂಬ ಒಂದು ಸಣ್ಣ ಟಿಪ್ಪಣಿ ಇದೆ. ಹಣಕಾಸು ಸಮಿತಿಯ ಸಭೆಗೆ ಇನ್ನು ಹತ್ತು ದಿನಗಳಿವೆ. ಈ ಪ್ರತಿಯನ್ನು ಸಮಿತಿಗೆ ಮೊದಲು ಕೊಟ್ಟು ಉತ್ತರಕ್ಕೆ ಕಾಯಬೇಕೇ, ಇಲ್ಲವೇ ವರದಿಗಾರರಿಗೆ ಈಗಲೇ ಕೊಡಬೇಕೇ ಎಂಬುದರಲ್ಲಿ ನಮ್ಮೊಳಗೆ ಒಮ್ಮತವಿಲ್ಲ.

ಉತ್ತರ: ಹಳೆಯ ಕಡತ

ಸಮಿತಿಗೆ ಮೊದಲು ಕೊಡಿ, ಸ್ವೀಕೃತಿ ಪಡೆಯಿರಿ. ಪತ್ರಿಕೆಯಲ್ಲಿ ಓದಿ ತಿಳಿದ ಅಧಿಕಾರಿ ತನ್ನನ್ನು ಸಮರ್ಥಿಸಿಕೊಳ್ಳುವುದರಲ್ಲೇ ತೊಡಗುತ್ತಾನೆ. ಮೇಜಿನ ಮೇಲೆ ಕಾಗದ ನೋಡಿದವನಿಗೆ ತಿದ್ದಿಕೊಳ್ಳಲು ಒಂದು ದಾರಿ ಉಳಿದಿರುತ್ತದೆ. ಪರ್ಯಾಯ ನಕ್ಷೆ ಕೇಳಿದ್ದೀರಲ್ಲ, ಅದಕ್ಕೆ ಅವನ ಸಹಾಯವೇ ಬೇಕು.

ಉತ್ತರ: ಎರಡನೇ ಪುಟ

ನಾನು ಅಷ್ಟು ಕಾಯುವುದಿಲ್ಲ. ಬೆಳಿಗ್ಗೆ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆದು, ಮಧ್ಯಾಹ್ನದೊಳಗೆ ಅದೇ ಪ್ರತಿಯನ್ನು ಸ್ವೀಕೃತಿಯ ನಕಲಿನೊಂದಿಗೆ ವರದಿಗಾರರಿಗೆ ತಲುಪಿಸಿ, ಇದನ್ನು ಸಮಿತಿಗೂ ಕೊಟ್ಟಿದ್ದೇವೆ ಎಂದು ತಿಳಿಸಿ. ಮೂರು ಪತ್ರಿಕೆಗಳಿಗೂ ಒಂದೇ ದಿನ ಕೊಡಿ. ಒಂದಕ್ಕೆ ಮಾತ್ರ ಕೊಟ್ಟು ಉಳಿದೆರಡರ ಮುನಿಸು ಕಟ್ಟಿಕೊಳ್ಳಬೇಡಿ. ಮನೆಮನೆಯ ಲೆಕ್ಕವನ್ನೂ, ಬೇಕೆಂದವರ ಸಂಖ್ಯೆ ಸಹಿತ, ಅದೇ ಪುಟದಲ್ಲಿ ಬರೆಯಿರಿ. ಮೂರನೆಯ ಪುಟದ ಕೆಳಗಿನ ಆ ಟಿಪ್ಪಣಿಯ ಅಡಿಯಲ್ಲಿ ಗೆರೆ ಎಳೆದೇ ಕೊಡಿ. ಅದನ್ನು ಹುಡುಕುವ ಕೆಲಸವನ್ನು ಸಂಜೆ ಏಳು ಗಂಟೆಯ ವರದಿಗಾರನಿಗೆ ಬಿಡಬೇಡಿ.